ನಾಲ್ಕು ಅಂಗೈ ಮೇಲೆ ಓಡುವ ಕಾರು

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರನ್ನು ಒಮ್ಮೆ ಗಮನಿಸಿ. ಬಾಗಿಲು ತೆಗೆದು ಹಾಕಿ ಸದ್ದು ಕೇಳುತ್ತಾರೆ. ಬಾನೆಟ್ ಎತ್ತಿ ಎಂಜಿನ್ ಇಣುಕುತ್ತಾರೆ. ಎ.ಸಿ. ತಂಪಾಗುತ್ತದಾ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ವಿಚಾರಿಸುತ್ತಾರೆ. ಬಣ್ಣದ ಮೇಲೆ ಒಂದು ಗೀರು ಕಂಡರೂ ಮುಖ ಸಿಂಡರಿಸುತ್ತಾರೆ. ಕೊನೆಗೆ ಹೊರಡುವ ಮುಂಚೆ ಟಯರಿಗೆ ಚಪ್ಪಲಿಯ ತುದಿಯಿಂದ ಮೆಲ್ಲಗೆ ಒಂದು ಒದೆ. ಟಯರ್ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಆದರೆ ಇಡೀ ಕಾರಿನಲ್ಲಿ ರಸ್ತೆಗೆ ತಾಗುವ ವಸ್ತು ಟಯರ್ ಒಂದೇ. ಅದೂ ಪೂರ್ತಿ ಟಯರ್ ಅಲ್ಲ. ಸಣ್ಣ ಕಾರಿನ ಒಂದೊಂದು ಟಯರೂ ಯಾವುದೇ ಗಳಿಗೆಯಲ್ಲಿ ನೆಲಕ್ಕೆ ತಾಗಿರುವುದು ಹೆಚ್ಚುಕಮ್ಮಿ ನಮ್ಮ ಅಂಗೈಯಷ್ಟು ಜಾಗದಲ್ಲಿ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಓಡಿಸುವವರು ಎಷ್ಟೇ ಜಾಣರಿರಲಿ, ಮಳೆಗಾಲದ ತಿರುವಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಆ ನಾಲ್ಕು ಅಂಗೈಗಳು. ಎರಡು ವರ್ಷಗಳಿಂದ ವಾರಕ್ಕೆ ಮೂರು ದಿನ ಒಂದು ಹಳೆಯ ಆಲ್ಟೊ ಓಡಿಸುತ್ತಿರುವ ನನಗೆ ಈ ವಿಷಯ ಪಾಠಪುಸ್ತಕಕ್ಕಿಂತ ಚೆನ್ನಾಗಿ ತಲೆಗೆ ಹೋಗಿದೆ.

ಮನೆಯ ಲೆಕ್ಕ

ನಮ್ಮದು ಸುಳ್ಯ ಪೇಟೆಯಿಂದ ಒಳಗಿನ ಹಳ್ಳಿ. ಅಪ್ಪ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವರು. 2023ರ ಕೊನೆಗೆ ಅವರ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ಸರದಿ ಸಿಕ್ಕಿದ್ದು ಪುತ್ತೂರಿನಲ್ಲಿ. ವಾರಕ್ಕೆ ಮೂರು ಸಲ ಹೋಗಬೇಕು, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೊದಲ ಎರಡು ತಿಂಗಳು ಬಸ್ಸಿನಲ್ಲೇ ಹೋಗಿಬಂದೆವು. ಹೋಗುವಾಗ ಏನೋ ಆಗುತ್ತಿತ್ತು, ಬರುವಾಗ ಅಪ್ಪನಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಬಾಡಿಗೆ ಕಾರು ಮಾಡಿದರೆ ತಿಂಗಳಿಗೆ ಹದಿಮೂರು ಸಲ ಮಾಡಬೇಕು, ಅದು ನಮ್ಮಿಂದಾಗದ ಮಾತು. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದ ನನ್ನ ಹತ್ತಿರ ಡ್ರೈವಿಂಗ್ ಲೈಸೆನ್ಸ್ ಇತ್ತು. ಹಾಗಾಗಿ ಸಣ್ಣದೊಂದು ಹಳೆಯ ಕಾರು ಕೊಳ್ಳುವುದೆಂದು ತೀರ್ಮಾನವಾಯಿತು.

ಮನೆಯಿಂದ ಆಸ್ಪತ್ರೆಗೆ 45 ಕಿಲೊಮೀಟರ್. ಹೋಗಿ ಬರಲು 90. ವಾರಕ್ಕೆ 270. ವರ್ಷಕ್ಕೆ ಹದಿನಾಲ್ಕು ಸಾವಿರ ಕಿಲೊಮೀಟರ್ ದಾಟುತ್ತದೆ. ಸಣ್ಣ ಕಾರಿನ ಟಯರ್ ಚೆನ್ನಾಗಿ ನೋಡಿಕೊಂಡರೆ ಸುಮಾರು ನಲವತ್ತು ಸಾವಿರ ಕಿಲೊಮೀಟರ್ ಬರುತ್ತದೆ ಎಂದು ನಮ್ಮ ಕಡೆಯ ಡ್ರೈವರುಗಳು ಲೆಕ್ಕ ಹಾಕುತ್ತಾರೆ. ಅಂದರೆ ಮೂರು ವರ್ಷಕ್ಕೊಮ್ಮೆ ಒಂದು ಸೆಟ್. ನೋಡಿಕೊಳ್ಳದಿದ್ದರೆ ಅದೇ ಸೆಟ್ ಎರಡು ವರ್ಷಕ್ಕೇ ಮುಗಿಯಬಹುದು. ನಾಲ್ಕು ಟಯರಿಗೆ ಹನ್ನೆರಡು ಹದಿಮೂರು ಸಾವಿರ ರೂಪಾಯಿ ಎಂದರೆ ನಮ್ಮ ಮನೆಗೆ ಅಪ್ಪನ ಒಂದಿಷ್ಟು ತಿಂಗಳ ಔಷಧಿ.

ದುಡ್ಡಿನ ಲೆಕ್ಕದ ಆಚೆಗೆ ಇನ್ನೊಂದಿದೆ. ಡಯಾಲಿಸಿಸ್ ಒಂದು ಸಲ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ಉಸಿರಾಟ ಕಷ್ಟವಾಗುತ್ತದೆ. ‘ಇವತ್ತು ಟಯರ್ ಪಂಕ್ಚರ್, ನಾಳೆ ಬರುತ್ತೇವೆ’ ಎಂದು ಹೇಳುವ ಹಾಗಿಲ್ಲ.

ಗೋಡೆಬರಹ ಓದಲು ಕಲಿಯಿರಿ

2024ರ ಫೆಬ್ರುವರಿಯಲ್ಲಿ ಒಂದು ಆಲ್ಟೊ 800 ನೋಡಲು ಹೋದೆವು. 2016ರ ಮಾಡೆಲ್, ಓಡಿದ್ದು ಬರೀ 31 ಸಾವಿರ. ನಿವೃತ್ತರೊಬ್ಬರ ಕಾರು, ಹೆಚ್ಚಾಗಿ ಶೆಡ್ಡಿನಲ್ಲೇ ಇದ್ದದ್ದು. ಮಾರುವವರು ಹೇಳಿದ ದರ ಎರಡು ಲಕ್ಷದ ಹತ್ತು ಸಾವಿರ. ‘ಟಯರಿಗೆ ಇನ್ನೆರಡು ವರ್ಷ ನೋಡ್ಲಿಕ್ಕಿಲ್ಲ, ಗುಂಡಿ ನೋಡಿ ಎಷ್ಟು ಉಂಟು’ ಎಂದರು. ಗುಂಡಿ, ಅಂದರೆ ಟಯರಿನ ಮೇಲಿನ ಕಾಲುವೆಗಳು, ನಿಜಕ್ಕೂ ಇದ್ದವು.

ನಾನು ಕೆಳಗೆ ಕೂತು ಟಯರಿನ ಪಕ್ಕದ ಗೋಡೆಯ ಮೇಲೆ ಬರೆದಿದ್ದನ್ನು ಓದತೊಡಗಿದೆ. ಕಾರು ನೋಡಲು ಹೋಗುವ ಮುಂಚೆ ಒಂದು ವಾರ ಇದನ್ನೇ ಅಭ್ಯಾಸ ಮಾಡಿಕೊಂಡಿದ್ದೆ. ಬ್ಯಾಂಕ್ ಪರೀಕ್ಷೆಯ ರೀಸನಿಂಗ್ ಪ್ರಶ್ನೆಗಳಿಗಿಂತ ಇದು ಎಷ್ಟೋ ಸುಲಭ.

ಆಲ್ಟೊ 800ರ ಟಯರಿನ ಮೇಲೆ ‘145/80 ಆರ್ 12’ ಎಂದಿರುತ್ತದೆ. 145 ಎಂದರೆ ಟಯರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 80ರಷ್ಟು, ಸುಮಾರು 116 ಮಿಲಿಮೀಟರ್. ‘ಆರ್’ ಎಂದರೆ ರೇಡಿಯಲ್, ಒಳಗಿನ ಎಳೆಗಳನ್ನು ಜೋಡಿಸಿದ ಬಗೆ. 12 ಎಂದರೆ ಡಿಸ್ಕಿನ ವ್ಯಾಸ, ಇಂಚಿನಲ್ಲಿ. ಅದರ ಪಕ್ಕದಲ್ಲಿ ‘74 ಟಿ’ ಎಂದಿತ್ತು. 74 ಒಂದು ಸಂಕೇತ. ಒಂದು ಟಯರ್ 375 ಕೆ.ಜಿ. ಭಾರ ಹೊರಬಲ್ಲದು ಎಂದು ಅದರ ಅರ್ಥ. ‘ಟಿ’ ಎಂದರೆ ಗಂಟೆಗೆ 190 ಕಿಲೊಮೀಟರ್ ವೇಗದವರೆಗೆ ತಾಳುತ್ತದೆ ಎಂದು. ನಮ್ಮ ರಸ್ತೆಗೆ ಆ ವೇಗ ಬೇಡ ಬಿಡಿ. ಆದರೆ ಟಯರ್ ಬದಲಿಸುವಾಗ ಭಾರದ ಈ ಸಂಖ್ಯೆ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆಯಾಗಬಾರದು. ‘ಸ್ವಲ್ಪ ಅಗಲದ್ದು ಹಾಕಿ, ಲುಕ್ ಬರ್ತದೆ’ ಎನ್ನುವವರು ಸಿಗುತ್ತಾರೆ. ಅಗಲ ಹೆಚ್ಚಿದರೆ ಸ್ಟಿಯರಿಂಗ್ ಭಾರವಾಗಬಹುದು, ಮೈಲೇಜ್ ಇಳಿಯಬಹುದು, ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡ್ ಒಳಗೆ ಉಜ್ಜಲೂಬಹುದು. ಕಾರಿನ ಜತೆ ಬಂದ ಕೈಪಿಡಿಯಲ್ಲಿ ಇರುವ ಅಳತೆಯೇ ಸಾಕು.

ನಾನು ಹುಡುಕುತ್ತಿದ್ದದ್ದು ಬೇರೆಯದು. ‘ಡಿಒಟಿ’ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಕೆಲವೊಮ್ಮೆ ಅದು ಟಯರಿನ ಒಳಬದಿಯಲ್ಲಿ ಮಾತ್ರ ಇರುವುದರಿಂದ ಮೊಬೈಲ್ ಬೆಳಕು ಬಿಟ್ಟು ಬಗ್ಗಿ ನೋಡಬೇಕು. ನನಗೆ ಸಿಕ್ಕಿದ್ದು 3316. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2016ರ 33ನೇ ವಾರ, ಅಂದರೆ ಆಗಸ್ಟ್ ಮಧ್ಯದಲ್ಲಿ ತಯಾರಾದ ಟಯರ್. ಉಳಿದ ಮೂರೂ ಅದೇ ತಿಂಗಳಿನವು. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯೂ ಅದೇ ವಯಸ್ಸಿನದು, ನೆಲವನ್ನೇ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ಅಪ್ಪ ನಿಧಾನಕ್ಕೆ ಬಂದು ಟಯರಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿ ನೋಡಿದರು. ಕೂದಲೆಳೆಯಂಥ ಬಿರುಕುಗಳು ಬಾಯಿ ಬಿಟ್ಟವು. ‘ಇದ್ರ ಹಾಲು ಬತ್ತಿ ಹೋಗಿದೆ ಮಗಾ’ ಎಂದರು.

ಮೂವತ್ತು ವರ್ಷ ರಬ್ಬರ್ ಹಾಲು ಇಳಿಸಿದ ಕೈ ಅದು. ನಸುಕಿನಲ್ಲಿ ಮರಕ್ಕೆ ಗೀರು ಹಾಕಿ, ಚಿಪ್ಪಿನಲ್ಲಿ ಹಾಲು ಹಿಡಿದು, ಆ್ಯಸಿಡ್ ಹಾಕಿ ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಶೀಟ್ ಒತ್ತಿ, ಹೊಗೆಮನೆಯಲ್ಲಿ ಒಣಗಿಸಿ ಮಾರುವುದು ನಮ್ಮ ಕಡೆಯ ಎಷ್ಟೋ ಮನೆಗಳ ಬದುಕು. ನಮ್ಮ ದೇಶದ ರಬ್ಬರಿನ ಬಹುಪಾಲು ಕೊನೆಗೆ ಹೋಗಿ ಸೇರುವುದು ಟಯರ್ ಕಾರ್ಖಾನೆಗಳನ್ನೇ. ಅಲ್ಲಿ ಅದಕ್ಕೆ ಗಂಧಕ ಬೆರೆಸಿ ಬೇಯಿಸುತ್ತಾರೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ ಈ ಉಪಾಯ ಇಲ್ಲದಿದ್ದರೆ ರಬ್ಬರ್ ಬಿಸಿಲಿಗೆ ಅಂಟಾಗಿ, ಚಳಿಗೆ ಗಡುಸಾಗಿ ಯಾವ ಕೆಲಸಕ್ಕೂ ಬಾರದೆ ಉಳಿಯುತ್ತಿತ್ತು. ಬಿಳಿ ಹಾಲಿನಿಂದ ಬಂದ ವಸ್ತು ಕಪ್ಪಾಗುವುದು ಅದಕ್ಕೆ ಸೇರಿಸುವ ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯಿಂದ. ಬಾಳಿಕೆಯನ್ನು ಹೆಚ್ಚಿಸುವುದೂ ಅದೇ. ಇಷ್ಟೆಲ್ಲ ಆದರೂ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಗಾಳಿ, ಬಿಸಿಲು, ಸೆಕೆ ಎಲ್ಲವೂ ಅದರ ಮೆದುತನವನ್ನು ಹೀರುತ್ತವೆ. ಶೆಡ್ಡಿನಲ್ಲಿ ನಿಂತ ಕಾರಿನ ಟಯರ್ ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಐದು ವರ್ಷ ದಾಟಿದ ಟಯರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷವಾದರೆ ಸವೆಯದಿದ್ದರೂ ಬದಲಿಸಿ ಎಂದು ಕೆಲವು ಟಯರ್ ಕಂಪನಿಗಳೇ ಹೇಳುತ್ತವೆ. ಬಿರುಕು ಬಿಟ್ಟಿದ್ದರೆ ಅಷ್ಟು ಕಾಯುವ ಮಾತೇ ಇಲ್ಲ.

ನಾಲ್ಕು ಅಂಕಿಯನ್ನೂ ಆ ಬಿರುಕುಗಳನ್ನೂ ಮಾರುವವರಿಗೆ ತೋರಿಸಿದೆ. ಜಗಳವೇನೂ ಆಗಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ‘ಎಂಟು ವರ್ಷ ಆಯ್ತಲ್ಲ ಮಾರಾಯ್ತಿ’ ಎಂದು ತಾವೇ ಬಗ್ಗಿ ನೋಡಿದರು. ಎರಡು ಲಕ್ಷಕ್ಕೆ ವ್ಯಾಪಾರ ಕುದುರಿತು. ನೆಲದ ಮೇಲೆ ಹತ್ತು ನಿಮಿಷ ಕೂತು ಓದಿದ್ದಕ್ಕೆ ಹತ್ತು ಸಾವಿರ ಉಳಿಯಿತು. ಆ ದುಡ್ಡು ನೇರ ಹೊಸ ಟಯರಿಗೆ ಹೋಯಿತು.

ಎರಡೇ ಹೊಸದಾದರೆ ಎಲ್ಲಿಗೆ?

ಹೊಸ ಟಯರ್ ಕೊಳ್ಳುವಾಗಲೂ ಅದೇ ನಾಲ್ಕು ಅಂಕಿ ನೋಡಿ. ಅಂಗಡಿಯ ಅಟ್ಟದಲ್ಲಿ ಎರಡು ಮೂರು ವರ್ಷ ಕೂತ ಟಯರೂ ‘ಹೊಸದು’ ಎಂದೇ ಮಾರಾಟವಾಗುತ್ತದೆ. ಆದಷ್ಟು ಈಚಿನ ತಿಂಗಳಿನದು ಕೇಳಿ ಪಡೆಯಿರಿ. ಐಎಸ್‌ಐ ಗುರುತು ಇರಲೇಬೇಕು. ಬಿಲ್ ಪಡೆಯಿರಿ, ಇಲ್ಲದಿದ್ದರೆ ವಾರಂಟಿ ಕೇಳುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಹೊಸ ಕಾರ್ ಟಯರಿನ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದನ್ನೂ ಗಮನಿಸಿ. ಹಳೆಯ ವಾಲ್ವನ್ನೇ ಉಳಿಸಿಕೊಳ್ಳಬೇಡಿ. ಕೆಲವು ಹತ್ತು ರೂಪಾಯಿಗಳ ಆ ರಬ್ಬರ್ ತುಂಡು ಟಯರಿನ ಜತೆಗೇ ಮುದಿಯಾಗಿರುತ್ತದೆ.

ನಮ್ಮ ಹತ್ತಿರ ಆಗ ನಾಲ್ಕಕ್ಕೂ ದುಡ್ಡು ಹೊಂದಲಿಲ್ಲ. ತಕ್ಷಣಕ್ಕೆ ಎರಡು, ಮಳೆಗಾಲಕ್ಕೆ ಮುಂಚೆ ಇನ್ನೆರಡು ಎಂದು ಠರಾಯಿಸಿದೆವು. ಅಂಗಡಿಯ ಹುಡುಗ ಹೊಸ ಎರಡನ್ನೂ ಮುಂದಿನ ಚಕ್ರಕ್ಕೆ ಹಾಕಲು ಹೊರಟ. ‘ಎಂಜಿನ್ ಎಳೆಯೋದು ಮುಂದಿನ ಚಕ್ರ ಅಕ್ಕ, ಸ್ಟಿಯರಿಂಗೂ ಮುಂದೆಯೇ’ ಎಂದ. ಕೇಳಲು ಸರಿ ಎನಿಸುವ ಮಾತು. ಆದರೆ ಟಯರ್ ಕಂಪನಿಗಳ ಸಲಹೆ ಇದಕ್ಕೆ ಉಲ್ಟಾ. ಎರಡೇ ಹೊಸದಾದರೆ ಅವು ಹಿಂದಕ್ಕೆ.

ಕಾರಣ ಹೀಗೆ. ಟಯರಿನ ಕಾಲುವೆಗಳ ಕೆಲಸ ರಸ್ತೆಯ ನೀರನ್ನು ಬದಿಗೆ ತಳ್ಳುವುದು. ಕಾಲುವೆ ಆಳವಿಲ್ಲದಿದ್ದರೆ ನೀರು ಟಯರಿನ ಅಡಿಗೇ ಉಳಿದು, ಚಕ್ರ ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ. ಆ್ಯಕ್ಸಿಲರೇಟರ್ ಬಿಟ್ಟರೆ ವೇಗ ತಗ್ಗಿ ಮತ್ತೆ ಹಿಡಿತ ಸಿಗುವ ಸಾಧ್ಯತೆ ಹೆಚ್ಚು. ಹಿಂದಿನ ಚಕ್ರ ಜಾರಿದರೆ ಕಾರಿನ ಬಾಲ ಹೊರಕ್ಕೆ ಬೀಸಿ ಇಡೀ ಕಾರು ಬುಗುರಿಯಾಗುತ್ತದೆ. ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ನಿಮ್ಮಂಥ ಸಾಮಾನ್ಯ ಡ್ರೈವರುಗಳ ಕೈಲಿ ಆಗುವ ಕೆಲಸವಲ್ಲ. ನಾನು ಇಷ್ಟನ್ನು ಹೇಳಿದಾಗ ಅಂಗಡಿಯ ಯಜಮಾನರು ಒಳಗಿನಿಂದಲೇ, ‘ಅವ್ರು ಹೇಳಿದ ಹಾಗೆ ಹಿಂದಕ್ಕೆ ಹಾಕು’ ಎಂದರು. ಮೇ ಕೊನೆಯ ವಾರ ಉಳಿದೆರಡೂ ಬಂದವು. ಹಳೆಯ ಸ್ಟೆಪ್ನಿಯನ್ನು ಮಾತ್ರ ಆಪತ್ತಿಗಿರಲಿ, ಪಂಕ್ಚರ್ ಅಂಗಡಿಯವರೆಗೆ ನಿಧಾನಕ್ಕೆ ಹೋಗಲು ಮಾತ್ರ ಎಂದು ಹಾಗೇ ಉಳಿಸಿಕೊಂಡೆವು.

ಅಂದಹಾಗೆ ಪೇಟೆಗಳಲ್ಲಿ ಅರ್ಧ ಬೆಲೆಗೆ ‘ಸೆಕೆಂಡ್ಸ್’ ಟಯರ್ ಸಿಗುತ್ತವೆ. ಕೆಲವು ನಿಜಕ್ಕೂ ಚೆನ್ನಾಗಿರಬಹುದು. ಆದರೆ ಸವೆದ ಟಯರಿಗೆ ಬಿಸಿ ಬ್ಲೇಡಿನಿಂದ ಹೊಸದಾಗಿ ಕಾಲುವೆ ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವವರೂ ಇದ್ದಾರೆ. ಸಣ್ಣ ಕಾರಿನ ಟಯರ್ ಹಾಗೆ ಕೊರೆಯಲು ಮಾಡಿದ್ದಲ್ಲ. ಕೊರೆದಷ್ಟೂ ಒಳಗಿನ ತಂತಿಯ ಮೇಲಿನ ರಬ್ಬರ್ ತೆಳುವಾಗುತ್ತದೆ. ಕಂಡುಹಿಡಿಯುವ ದಾರಿ ಸುಲಭ. ಕಂಪನಿಯ ಟಯರಿನ ಮುಖ್ಯ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಪುಟ್ಟ ಕಟ್ಟೆಗಳಿರುತ್ತವೆ. ಟಯರಿನ ಭುಜದ ಮೇಲೆ ‘ಟಿಡಬ್ಲ್ಯುಐ’ ಎಂದೋ ಒಂದು ಸಣ್ಣ ತ್ರಿಕೋನವೋ ಇದ್ದರೆ ಅದರ ನೇರಕ್ಕೆ ಹುಡುಕಿ. ಆ ಕಟ್ಟೆಯ ಎತ್ತರ 1.6 ಮಿಲಿಮೀಟರ್. ಕಾಲುವೆ ಕೊರೆದ ಟಯರಿನಲ್ಲಿ ಕಟ್ಟೆ ಮಾಯವಾಗಿರುತ್ತದೆ ಅಥವಾ ಅರ್ಧ ಕತ್ತರಿಸಿರುತ್ತದೆ.

ಟಯರ್ ಯಾವಾಗ ಮುಗಿಯಿತು ಎಂದು ಹೇಳುವುದೂ ಇದೇ ಕಟ್ಟೆ. ಸವೆದು ಸವೆದು ಮೇಲ್ಮೈ ಅದರ ಮಟ್ಟಕ್ಕೆ ಬಂದರೆ ಕಾಲುವೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ಕಾರಿಗೆ ನಮ್ಮ ಮೋಟಾರು ವಾಹನ ನಿಯಮಗಳು ಹಾಕಿರುವ ಗಡಿಯೂ ಅದೇ. ನಮ್ಮಂಥ ಮಳೆಯ ಊರಿನವರು ಅದು 3 ಮಿಲಿಮೀಟರಿಗೆ ಬಂದಾಗಲೇ ದುಡ್ಡು ಹೊಂದಿಸತೊಡಗುವುದು ಒಳ್ಳೆಯದು.

ಪುಕ್ಕಟೆ ಸಿಗುವ ಔಷಧಿ

ಟಯರಿನ ಆಯಸ್ಸನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುವುದು ಗಾಳಿಯ ಏರುಪೇರು. ಪೆಟ್ರೋಲ್ ಬಂಕಿನಲ್ಲಿ ಗಾಳಿ ಪುಕ್ಕಟೆ ಸಿಗುತ್ತದೆ, ಸಿಗಬೇಕು. ಬಂಕಿನವರು ಉಚಿತವಾಗಿ ಕೊಡಲೇಬೇಕಾದ ಸೌಲಭ್ಯಗಳಲ್ಲಿ ಅದೂ ಒಂದು. ಆದರೂ ತಿಂಗಳುಗಟ್ಟಲೆ ಗಾಳಿ ನೋಡದವರೇ ಹೆಚ್ಚು.

ಎಷ್ಟು ಹಾಕಬೇಕು? ಟಯರಿನ ಮೇಲೆ ಬರೆದಿರುವ ಪಿಎಸ್‌ಐ ನೋಡಬೇಡಿ. ಅದು ಟಯರ್ ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದು ಡ್ರೈವರ್ ಬಾಗಿಲು ತೆಗೆದರೆ ಪಕ್ಕದ ಕಂಬದ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುತ್ತದೆ. ಇಬ್ಬರು ಕೂತಾಗ ಎಷ್ಟು, ಮನೆಮಂದಿಯೆಲ್ಲ ಲಗೇಜು ಹೇರಿ ಹೊರಟಾಗ ಎಷ್ಟು ಎಂದು ಬೇರೆ ಬೇರೆ ಕೊಟ್ಟಿದ್ದರೆ ಹಾಗೇ ಪಾಲಿಸಿ.

ಯಾವಾಗ ನೋಡಬೇಕು? ಟಯರ್ ತಣ್ಣಗಿದ್ದಾಗ. ಓಡಿದ ಟಯರ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಉಷ್ಣಾಂಶ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಐವತ್ತು ಕಿಲೊಮೀಟರ್ ಓಡಿಸಿ ಬಂದು ‘ಜಾಸ್ತಿ ಉಂಟು’ ಎಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟಯರ್ ಸೊರಗಿರುತ್ತದೆ. ಏನೂ ತೊಂದರೆಯಿಲ್ಲದ ಟಯರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗಿ ಸೋರುತ್ತದೆ. ನಾನು ಮುನ್ನೂರು ರೂಪಾಯಿಯ ಒಂದು ಗೇಜ್ ತಂದಿಟ್ಟುಕೊಂಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಅಂಗಳದಲ್ಲೇ ನೋಡಿ ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತೇನೆ. ನಾಲ್ಕರಲ್ಲಿ ಒಂದು ಮಾತ್ರ ಬೇಗ ಇಳಿಯುತ್ತಿದ್ದರೆ ಎಲ್ಲೋ ಸಣ್ಣ ಮೊಳೆ ಹೊಕ್ಕಿದೆ ಅಥವಾ ವಾಲ್ವ್ ಸೋರುತ್ತಿದೆ ಎಂದು ಗೊತ್ತಾಗುತ್ತದೆ. ದಾರಿಯಲ್ಲಿ ಆಗಬಹುದಾಗಿದ್ದ ಎರಡು ಪಂಕ್ಚರ್ ಹೀಗೆ ಮನೆಯಲ್ಲೇ ಸಿಕ್ಕಿವೆ.

ಗಾಳಿ ಕಡಿಮೆಯಿದ್ದರೆ ಟಯರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ. ಮಡಚಿದಷ್ಟೂ ಕಾವು. ಬೇಸಿಗೆಯ ಹೆದ್ದಾರಿಯಲ್ಲಿ ಟಯರ್ ಸಿಡಿಯಲು ದೊಡ್ಡ ಕಾರಣ ಇದು. ‘ಸೆಕೆಗಾಲ, ಅದಕ್ಕೇ ಸ್ವಲ್ಪ ಕಡಿಮೆ ಹಾಕಿ’ ಎಂಬ ಸಲಹೆ ಈ ಕಾರಣಕ್ಕೇ ಅಪಾಯ. ನೈಟ್ರೋಜನ್ ಹಾಕಿಸಬೇಕಾ ಎಂದು ಗೆಳತಿಯರು ಕೇಳುತ್ತಾರೆ. ಹಾಕಿಸಿದರೆ ನಷ್ಟವಿಲ್ಲ, ಸೋರುವುದು ತುಸು ನಿಧಾನ. ಆದರೆ ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಬಿಡದೆ ಹದಿನೈದು ದಿನಕ್ಕೊಮ್ಮೆ ನೋಡುವವರಿಗೆ ಬಂಕಿನ ಗಾಳಿ ಧಾರಾಳ ಸಾಕು.

ಸವೆತ ಹೇಳುವ ಕತೆ

ಟಯರ್ ಹೇಗೆ ಸವೆದಿದೆ ಎಂದು ನೋಡಿದರೆ ಕಾರಿನ ಕಾಯಿಲೆ ತಿಳಿಯುತ್ತದೆ. ನಟ್ಟನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿಯಾಗಿದೆ. ಎರಡೂ ಅಂಚು ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತಟ್ಟೆತಟ್ಟೆಯಾಗಿ ತಗ್ಗು ಬಿದ್ದಿದ್ದರೆ ಬ್ಯಾಲೆನ್ಸಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಕಡೆ ನೋಡಬೇಕು.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡೂ ಒಂದೇ ಎಂದುಕೊಂಡವರು ಬಹಳ. ಚಕ್ರಗಳು ಸರಿಯಾದ ಕೋನದಲ್ಲಿ, ಒಂದಕ್ಕೊಂದು ಹೊಂದಿ ನಿಂತಿವೆಯಾ ಎಂದು ನೋಡುವುದು ಅಲೈನ್‌ಮೆಂಟ್. ಅದು ತಪ್ಪಿದರೆ ನೇರ ರಸ್ತೆಯಲ್ಲೂ ಕಾರು ಒಂದು ಬದಿಗೆ ಎಳೆಯುತ್ತದೆ. ಚಕ್ರದ ಸುತ್ತ ತೂಕ ಸಮನಾಗಿದೆಯಾ ಎಂದು ನೋಡಿ ಡಿಸ್ಕಿಗೆ ಸೀಸದ್ದೋ ಕಬ್ಬಿಣದ್ದೋ ಚಿಕ್ಕ ತೂಕ ಹಚ್ಚುವುದು ಬ್ಯಾಲೆನ್ಸಿಂಗ್. ಅದು ತಪ್ಪಿದರೆ ವೇಗ ಏರಿದಾಗ ಸ್ಟಿಯರಿಂಗ್ ನಡುಗುತ್ತದೆ. 2024ರ ಮಳೆಗಾಲ ಮುಗಿದಾಗ ನಮ್ಮ ಕಾರು ಎಡಕ್ಕೆ ಎಳೆಯತೊಡಗಿತು. ಮಳೆಗೆ ಎದ್ದ ಹೊಂಡಗಳ ಕೊಡುಗೆ. ಐನೂರು ರೂಪಾಯಿಯ ಒಳಗೆ ಅಲೈನ್‌ಮೆಂಟ್ ಸರಿಯಾಯಿತು. ಹಾಗೇ ಓಡಿಸಿದ್ದರೆ ಆರು ಸಾವಿರದ ಎರಡು ಟಯರ್ ಅವಧಿಗೆ ಮುಂಚೆ ಹೋಗುತ್ತಿತ್ತು.

ಇನ್ನೊಂದು ಕೆಲಸ ಚಕ್ರಗಳ ಅದಲುಬದಲು. ಸಣ್ಣ ಕಾರುಗಳಲ್ಲಿ ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಭಾರ ಹೊರುವುದು ಎಲ್ಲ ಮುಂದಿನ ಚಕ್ರಗಳೇ. ಹಾಗಾಗಿ ಅವು ಬೇಗ ಸವೆಯುತ್ತವೆ. ಐದರಿಂದ ಹತ್ತು ಸಾವಿರ ಕಿಲೊಮೀಟರಿನ ನಡುವೆ ಒಮ್ಮೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಹಾಕಿಸಿದರೆ ನಾಲ್ಕೂ ಹೆಚ್ಚುಕಮ್ಮಿ ಸಮನಾಗಿ ಸವೆಯುತ್ತವೆ. ಕೈಪಿಡಿಯಲ್ಲಿ ಯಾವುದು ಎಲ್ಲಿಗೆ ಎಂಬ ಚಿತ್ರವೇ ಇರುತ್ತದೆ.

ಕಾವು ದಾಟಿದ ಮೇಲೆ

ಸ್ಟೆಪ್ನಿ ಎಂಬ ಪದ ಇಂಗ್ಲಿಷ್ ಸಿನಿಮಾಗಳಲ್ಲಿ ಕೇಳಿಸುವುದಿಲ್ಲ. ಆದರೂ ಅದು ಬಂದದ್ದು ಬ್ರಿಟನ್ನಿನಿಂದಲೇ. ವೇಲ್ಸ್‌ನ ಲನೆತ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಹೆಚ್ಚುವರಿ ಚಕ್ರವೊಂದನ್ನು ಮಾರತೊಡಗಿದರು. ಅಲ್ಲಿಯವರೆಗೆ ಕಾರುಗಳಲ್ಲಿ ಬದಲಿ ಚಕ್ರವೇ ಇರುತ್ತಿರಲಿಲ್ಲ. ಅವರ ಬೀದಿಯ ಹೆಸರು ನಮ್ಮ ಹಳ್ಳಿಯ ಜೀಪ್ ಡ್ರೈವರುಗಳ ಬಾಯಲ್ಲಿ ಇಂದಿಗೂ ಉಳಿದಿದೆ.

ಕಾರು ಬಂದ ವಾರವೇ ನೆರೆಮನೆಯ, ಜೀಪ್ ಓಡಿಸುವ ಅಣ್ಣ ನನ್ನಿಂದ ಅಂಗಳದಲ್ಲಿ ಮೂರು ಸಲ ಚಕ್ರ ಬಿಚ್ಚಿಸಿ ಹಾಕಿಸಿದ್ದರು. ‘ದಾರಿಯಲ್ಲಿ ಯಾರಾದ್ರೂ ನಿಲ್ಲಿಸ್ತಾರೆ, ಸಹಾಯ ಮಾಡ್ತಾರೆ. ಆದ್ರೆ ನಿಲ್ಲಿಸ್ತಾರೆ ಅಂತ ನಂಬಿ ಹೊರಡ್ಲಿಕ್ಕಾಗುದಿಲ್ಲ ತಂಗಿ’ ಎಂದಿದ್ದರು.

ಆ ಪಾಠ ಜುಲೈಯಲ್ಲಿ ಬೇಕಾಯಿತು. ಡಯಾಲಿಸಿಸ್ ಮುಗಿಸಿ ಪುತ್ತೂರಿನಿಂದ ಬರುತ್ತಿದ್ದೆವು. ಕುಂಬ್ರ ಕಳೆದು ಕಾವು ದಾಟಿದ ಮೇಲೆ ಸ್ಟಿಯರಿಂಗ್ ಭಾರವಾಯಿತು, ಎಡಗಡೆಯಿಂದ ಧಪಧಪ ಸದ್ದು. ಮಳೆ ಸುರಿಯುತ್ತಿತ್ತು. ಗಟ್ಟಿ ಬ್ರೇಕ್ ಹಾಕದೆ ವೇಗ ಇಳಿಸಿ, ತಿರುವು ದಾಟಿ, ಸಮತಟ್ಟು ಜಾಗ ಸಿಕ್ಕಿದ ಮೇಲೆ ಬದಿಗೆ ನಿಲ್ಲಿಸಿದೆ. ಜಾಕ್ ಹಚ್ಚುವಾಗ ಒಳಗೆ ಯಾರೂ ಕೂತಿರಬಾರದು. ಅಪ್ಪನನ್ನು ಇಳಿಸಲೇಬೇಕಾಯಿತು. ಅವರ ಎಡಗೈಯಲ್ಲಿ ಡಯಾಲಿಸಿಸ್‌ಗಾಗಿ ಮಾಡಿದ ಫಿಸ್ಟುಲಾ ಇದೆ, ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಬಲಗೈಯಲ್ಲಿ ಕೊಡೆ ಹಿಡಿದು ರಸ್ತೆಯ ಅಂಚಿನ ಹುಲ್ಲಿನ ಮೇಲೆ ನಿಂತರು.

ನಾಲ್ಕೂ ಇಂಡಿಕೇಟರ್ ಹಾಕಿದೆ. ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಮೊದಲ ಗೇರಿನಲ್ಲಿಟ್ಟೆ. ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ನಿಲ್ಲಿಸಿದೆ. ಪಂಕ್ಚರಾದದ್ದು ಎಡ ಮುಂದಿನ ಚಕ್ರ, ಹಾಗಾಗಿ ಬಲ ಹಿಂದಿನ ಚಕ್ರದ ಎರಡೂ ಬದಿಗೆ ಕಲ್ಲು ಕೊಟ್ಟೆ. ಎತ್ತುವ ಮುಂಚೆ, ಚಕ್ರ ನೆಲದಲ್ಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಗಾಳಿಯಲ್ಲಿದ್ದರೆ ಚಕ್ರವೇ ತಿರುಗಿಬಿಡುತ್ತದೆ. ಅಂಗಡಿಯವರು ಮೆಶಿನ್ನಿನಲ್ಲಿ ಬಿಗಿದ ನಟ್ ಕೈಬಲಕ್ಕೆ ಜಗ್ಗುವುದಿಲ್ಲ. ವೀಲ್ ಸ್ಪ್ಯಾನರಿನ ಹಿಡಿ ಎಡಕ್ಕೆ ಅಡ್ಡವಾಗಿ ಬರುವಂತೆ ನಟ್ಟಿಗೆ ಕೂರಿಸಿ, ಅದರ ತುದಿಯನ್ನು ಪಾದದಿಂದ ಒತ್ತಿದೆ. 48 ಕೆ.ಜಿ. ತೂಕದ ನನಗೂ ಸಾಧ್ಯವಾಯಿತು. ತೋಳಿನ ಬಲ ಸಾಲದವರಿಗೆ ಮೈಯ ತೂಕ ಇದ್ದೇ ಇರುತ್ತದೆ.

ಜಾಕ್ ಇಡುವ ಜಾಗಕ್ಕೆ ಕಾರಿನ ಅಡಿಯಲ್ಲಿ ಗುರುತಿದೆ. ಬೇರೆಲ್ಲಿ ಇಟ್ಟರೂ ತಗಡು ಬಗ್ಗುತ್ತದೆ ಅಥವಾ ಜಾಕ್ ಜಾರುತ್ತದೆ. ಮಣ್ಣು ಮೆದುವಾಗಿದ್ದರಿಂದ ಜಾಕಿನ ಅಡಿಗೆ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದ ಹಲಗೆ ತುಂಡು ಕೊಟ್ಟೆ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿದೆ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ, ಕೈಕಾಲಿನ ಮೇಲೆ ಬೀಳುವುದಿಲ್ಲ. ಸ್ಟೆಪ್ನಿ ಕೂರಿಸಿ ನಟ್‌ಗಳನ್ನು ಮೊದಲು ಕೈಯಲ್ಲಿ, ಆಮೇಲೆ ಎದುರುಬದುರಾಗಿ ಬಿಗಿದು, ಕಾರು ಇಳಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಬಿಗಿದೆ. ಪಕ್ಕಪಕ್ಕದ ನಟ್‌ಗಳನ್ನು ಒಂದಾದ ಮೇಲೊಂದು ಬಿಗಿದರೆ ಚಕ್ರ ಓರೆಯಾಗಿ ಕೂರುತ್ತದೆ.

ಅರ್ಧ ಗಂಟೆ ಹಿಡಿಯಿತು. ನಡುವೆ ಒಮ್ಮೆ ತಲೆಯ ಮೇಲೆ ಮಳೆ ಬೀಳುತ್ತಿಲ್ಲ ಎನಿಸಿ ನೋಡಿದರೆ ಅಪ್ಪ ಹುಲ್ಲು ದಾಟಿ ಬಂದು ನನ್ನ ಮೇಲೆ ಕೊಡೆ ಹಿಡಿದಿದ್ದರು. ಅವರ ಅರ್ಧ ಅಂಗಿ ಒದ್ದೆಯಾಗಿತ್ತು. ಬೈದು ವಾಪಸ್ ಕಳಿಸಿದೆ.

ಯಾವುದು ಹಚ್ಚಬಹುದು, ಯಾವುದು ಬೇಡ

ನಿಧಾನಕ್ಕೆ ಓಡಿಸಿ ಜಾಲ್ಸೂರಿನಲ್ಲಿ ಪಂಕ್ಚರ್ ಹಾಕಿಸಿದೆವು. ಟ್ಯೂಬ್‌ಲೆಸ್ ಟಯರಿನಲ್ಲಿ ಮೊಳೆ ಹೊಕ್ಕಿದ್ದು ಕಂಡರೆ ಕೂಡಲೇ ಕಿತ್ತುಹಾಕಬೇಡಿ. ಎಷ್ಟೋ ಸಲ ಮೊಳೆಯೇ ತೂತು ಮುಚ್ಚಿರುತ್ತದೆ. ಗಾಳಿ ನೋಡಿ, ಅಂಗಡಿ ತಲುಪಿದ ಮೇಲೆ ಕೀಳಿಸಿ. ಹೊರಗಿನಿಂದ ರಬ್ಬರ್ ಬತ್ತಿ ತುರುಕುವುದು ಹತ್ತು ನಿಮಿಷದ ಕೆಲಸ. ಟಯರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸುವುದು ಹೆಚ್ಚು ಬಾಳುತ್ತದೆ. ಬಿಚ್ಚಿದಾಗ ಒಳಗಿನ ಗೋಡೆಗೆ ಪೆಟ್ಟಾಗಿದೆಯಾ ಎಂದೂ ಕಾಣುತ್ತದೆ. ಆದರೆ ಟಯರಿನ ಪಕ್ಕದ ಗೋಡೆಯಲ್ಲಿ ತೂತು ಬಿದ್ದರೆ, ಕೊಯ್ದುಹೋದರೆ, ಹೊಂಡಕ್ಕೆ ಬಡಿದು ಗುಳ್ಳೆ ಎದ್ದರೆ ಯಾವ ಪ್ಯಾಚೂ ಬೇಡ. ಒಳಗಿನ ಎಳೆಗಳು ತುಂಡಾಗಿವೆ ಎಂದು ಅರ್ಥ. ಅದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು.

ಈಗ ಓಡೋಮೀಟರ್ 58 ಸಾವಿರದ ಹತ್ತಿರ ಇದೆ. ಸ್ಟೆಪ್ನಿಯನ್ನೂ ಬದಲಿಸಿದ್ದೇವೆ. ಅಪ್ಪ ವಾರಕ್ಕೆ ಮೂರು ದಿನ ಹೋಗಿ ಬರುತ್ತಿದ್ದಾರೆ, ಟಯರಿನ ಕಾರಣಕ್ಕೆ ಇದುವರೆಗೆ ಒಂದು ದಿನವೂ ತಪ್ಪಿಲ್ಲ. ಅವರು ಒಳಗೆ ಮಲಗಿರುವ ನಾಲ್ಕು ಗಂಟೆ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದುತ್ತೇನೆ. ಕ್ಲರ್ಕ್ ಹುದ್ದೆಯ ಮುಖ್ಯ ಪರೀಕ್ಷೆ ಹತ್ತಿರ ಬಂದಿದೆ.

ನಮ್ಮ ವಯಸ್ಸಿನ ಅನೇಕರು ಇವತ್ತು ಮನೆಯ ಮೊದಲ ಕಾರು ಓಡಿಸುವವರು. ಕೆಲವರು ಕೆಲಸ ಸಿಗುವವರೆಗೆ ಎಂದು ಟ್ಯಾಕ್ಸಿ ಹಿಡಿದಿದ್ದಾರೆ, ಕೆಲವರು ತಂಗಿಯನ್ನು ಕಾಲೇಜಿಗೆ ಬಿಡುತ್ತಾರೆ, ಕೆಲವರು ನನ್ನ ಹಾಗೆ ಆಸ್ಪತ್ರೆಗೆ ಓಡಾಡುತ್ತಾರೆ. ಡ್ರೈವಿಂಗ್ ಸ್ಕೂಲಿನಲ್ಲಿ ಗೇರು, ಕ್ಲಚ್ಚು, ಎಂಟು ಹಾಕುವುದು ಕಲಿಸುತ್ತಾರೆ. ಟಯರ್ ಓದುವುದನ್ನು ನಾವೇ ಕಲಿಯಬೇಕು, ಅದಕ್ಕೆ ಒಂದು ಭಾನುವಾರ ಸಾಕು. ಈ ವಾರ ಇಷ್ಟು ಮಾಡಿ: ಮನೆಯ ಕಾರಿನ ಐದೂ ಟಯರಿನ ನಾಲ್ಕಂಕಿ ಹುಡುಕಿ ಬರೆದಿಡಿ. ಕಾಲುವೆಯ ಕಟ್ಟೆ ಎಷ್ಟು ಕೆಳಗಿದೆ ನೋಡಿ. ಬೆಳಿಗ್ಗೆ ತಣ್ಣಗಿರುವಾಗ ಗಾಳಿ ಅಳೆಯಿರಿ, ಸ್ಟೆಪ್ನಿಯದ್ದೂ ಸೇರಿಸಿ. ಜಾಕ್, ಸ್ಪ್ಯಾನರ್ ಡಿಕ್ಕಿಯಲ್ಲಿ ಇದೆಯಾ ನೋಡಿ, ಇದ್ದರೆ ಅಂಗಳದಲ್ಲೇ ಒಂದು ಚಕ್ರ ಬಿಚ್ಚಿ ಹಾಕಿ. ನಟ್ ಸಡಿಲಾಗದಿದ್ದರೆ ಪಾದದಿಂದ ಒತ್ತಿ.